ಖಾರಿ ಗಾಡಿಯ ನರ್ಸಬಾಯಾರು

ಕಲಘಟಗಿ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ಹಳದಿ ಬಣ್ಣದ ಹಳೇ ವ್ಯಾನೊಂದು ಬಂದು ನಿಂತು, ಮಕ್ಕಳು ಕೈಯಲ್ಲಿ ಚಿಲ್ಲರೆ ಹಿಡಿದು ಓಡಿ ಬಂದು, ಏನೂ ಸಿಗದೆ ವಾಪಸ್ ಹೋದರೆ ಅದು ಮಹಾನಂದಾ ಅವರ ಮನೆ ಎಂದು ತಿಳಿಯಬೇಕು. ವ್ಯಾನಿನ ಮೈಮೇಲೆ ‘ಬಿಸಿ ಬಿಸಿ ಖಾರಿ, ಟೋಸ್ಟ್, ಬ್ರೆಡ್’ ಎಂದು ಈಗಲೂ ಇದೆ. ಮೊದಲು ಅದು ಬೇಕರಿಯ ಗಾಡಿ. ಅಕ್ಷರ ಅಳಿಸಿ ಅಂದರೆ ಆಕೆ ಕೇಳುವುದಿಲ್ಲ.

“ಖಾರಿ ಅಂತ ಬರದದ್ದಕ್ಕ ಮಕ್ಕಳು ಓಡಿ ಬರ್ತಾವು. ಸೂಜಿ ಅಂತ ಬರಸಿದ್ರ ಬರ್ತಾವೇನ್ರಿ?”

ಮೂವತ್ತೆರಡು ವರ್ಷ ಸರ್ಕಾರಿ ನರ್ಸಬಾಯಿ ಆಗಿದ್ದವರ ಮಾತು ಇದು. ಯರಗುಪ್ಪಿಯ ಕರಿಮಣ್ಣಿನಿಂದ ಹಿಡಿದು ಕಲಘಟಗಿಯ ಕಾಡಂಚಿನವರೆಗೆ ಹನ್ನೊಂದು ಕ್ವಾರ್ಟರ್ಸ್ ಬದಲಾಯಿಸಿದವರು. ಹನ್ನೊಂದರಲ್ಲಿ ಒಂಬತ್ತು ಸೋರುತ್ತಿದ್ದವು. ಅವು ಸೋರುವಾಗ ಒಬ್ಬನೂ ‘ನಿಮಗೊಂದು ಮನಿ ಬೇಕ್ರಿ’ ಅನ್ನಲಿಲ್ಲ. ನಿವೃತ್ತಿಯ ದಿನ ಮಾತ್ರ ಇಪ್ಪತ್ತು ಜನ ಇಪ್ಪತ್ತು ಶಾಲು ಹೊದಿಸಿ, ಶಾಲಿನ ಜೊತೆಗೆ ಈ ಉಪದೇಶವನ್ನೂ ಹೊದಿಸಿದರು. ಸೂಲಗಿತ್ತಿ ಹಲೀಮಾಬಿ ಒಬ್ಬಳು ಉಪದೇಶ ಬಿಟ್ಟು ಒಂದು ಕೋಳಿಮರಿ ತಂದುಕೊಟ್ಟಳು. ಶಾಲುಗಳು ಈಗ ವ್ಯಾನಿನ ಪರದೆ. ಕೋಳಿಮರಿಯೇ ಡಾಕ್ಟರಬಾಯಿ.

“ಇಷ್ಟ ವರ್ಷ ಡಾಕ್ಟರಬಾಯಿ ಹೇಳಿದ್ದು ನಾ ಕೇಳೀನಿ. ಇನ್ನ ಮ್ಯಾಲೆ ನಾ ಹೇಳಿದ್ದು ಡಾಕ್ಟರಬಾಯಿ ಕೇಳ್ಲಿ” ಎಂದು ಹೆಸರಿಟ್ಟರು. ಅದು ಕೇಳಲಿಲ್ಲ, ಆ ಮಾತು ಬೇರೆ. ಜೊತೆಗೆ ಕಂಪೌಂಡರ ಎಂಬ ನಾಯಿ, ದಿನವಿಡೀ ಮಲಗಿಯೇ ಇರುವ ಪೇಶಂಟ ಎಂಬ ಬೆಕ್ಕು.

ಲಿಂಗಾಯತರ ಹೆಣ್ಣುಮಗಳು ಕೋಳಿ ಸಾಕುವುದು ಹಲವರಿಗೆ ನುಂಗಲಾರದ ತುತ್ತು. ಒಂಟಿ ಹೆಂಗಸು ಗಾಡಿಯಲ್ಲಿ ಇರುವುದು ಅದಕ್ಕಿಂತ ದೊಡ್ಡದು. ಮೂರು ಅಂತಸ್ತಿನ ಮನೆ ಕಟ್ಟಿಸಿ, ಎರಡಕ್ಕೆ ಬೀಗ ಜಡಿದು, ಬಿಸಿಲಲ್ಲಿ ನಿಂತ ಪೋಸ್ಟಮ್ಯಾನಿಗೆ ಒಂದು ತಂಬಿಗೆ ನೀರು ಕೊಡದವರೂ ಈಕೆಗೆ ‘ಮನಿ ಅಂದ್ರ ಮನೀರಿ’ ಎಂದು ಪಾಠ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಎಲ್ಲಿಯೂ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಎಂಬುದು ಮಹಾನಂದಾ ಅವರ ನೇಮ. ಐದನೇ ದಿನಕ್ಕೆ ಊರವರು ಉಪದೇಶ ಶುರುಮಾಡುತ್ತಾರೆ ಎಂಬುದು ಅವರ ಅನುಭವ.

ನಮ್ಮ ದೇವಿಕೊಪ್ಪದಲ್ಲಿ ಈ ನೇಮ ಮುರಿಯಿತು. ಈರಬಸಪ್ಪ ಎಂಬ ಕಬ್ಬಿನ ಬೆಳೆಗಾರರ ಮನೆಯ ಬಾಜು ಖಾಲಿ ಜಾಗದಲ್ಲಿ ನಿಂತ ವ್ಯಾನು ಮತ್ತೆ ಚಾಲೂ ಆಗಲಿಲ್ಲ. ಕಲಘಟಗಿಯ ಗ್ಯಾರೇಜಿನ ಮಹಬೂಬಸಾಬನಿಗೆ ಫೋನು ಹೋಯಿತು. ಬೇಕರಿ ಗಾಡಿಯಲ್ಲಿ ಮಂಚ, ಗ್ಯಾಸಿನ ಕಟ್ಟೆ, ನೀರಿನ ಟಾಕಿ, ಕೋಳಿಗೊಂದು ಗೂಡು ಎಲ್ಲ ಕೂಡಿಸಿ ಮನೆ ಮಾಡಿಕೊಟ್ಟವನೇ ಅವನು.

“ನಾಳೆ ಬರ್ತೀನ್ರಿ ಬಾಯಾರ.”

“ಯಾವ ನಾಳೆ?”

“ಸಾಮಾನು ಹುಬ್ಬಳ್ಳಿಯಿಂದ ಬರೂ ನಾಳೆರಿ.”

ಆ ನಾಳೆ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಊರು ಉಪದೇಶ ಮುಗಿಸಿ ಎರಡನೇ ಸುತ್ತು ಶುರುಮಾಡಿತ್ತು. ಡಾಕ್ಟರಬಾಯಿ ಮೊಟ್ಟೆ ಇಡುವುದು ನಿಲ್ಲಿಸಿದ್ದಳು. ದಿನಕ್ಕೊಂದು ಮೊಟ್ಟೆಯ ರೂಢಿಯಿದ್ದ ಕಂಪೌಂಡರ ಮುನಿಸಿಕೊಂಡು ಈರಬಸಪ್ಪನವರ ಹಿತ್ತಲ ಬೆಳಕಿಂಡಿಯ ಕೆಳಗೆ ಹೋಗಿ ಕೂಡುತ್ತಿತ್ತು. ಅವರು ಬಡಿಗೆ ತಂದು ಓಡಿಸುತ್ತಿದ್ದರು. ಅದು ಮತ್ತೆ ಬಂದು ಅಲ್ಲಿಯೇ ಕೂಡುತ್ತಿತ್ತು.

ಹನ್ನೆರಡನೇ ದಿನ ಮಹಬೂಬಸಾಬ ಬಂದ. ಕೆಟ್ಟ ಭಾಗ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಗ್ಯಾರೇಜಿನಲ್ಲಿ ಹುಬ್ಬಳ್ಳಿಯ ಸಾಮಾನು ಹಾಕಿ ಮುಂಜಾನೆ ತಂದು ಕೂಡಿಸುತ್ತೇನೆಂದು ಹೋದ. ಅದೇ ಸಂಜೆ ಡಾಕ್ಟರಬಾಯಿ ಗೂಡಿಗೆ ಬರಲಿಲ್ಲ.

ಮರುದಿನ ಮುಂಜಾನೆ ಅವನು ಬರುವ ಹೊತ್ತಿಗೆ ಊರು ತೀರ್ಪು ಬರೆದು ಮುಗಿಸಿತ್ತು. ಕಟ್ಟೆಯ ಮೇಲೆ ಏಳೆಂಟು ಮಂದಿ. ಓದಿದವರು ಈರಬಸಪ್ಪ.

“ಏನಪಾ ಮಹಬೂಬ, ನಿನ್ನೆ ಹೋಗಾಗ ಚೀಲ ಅಗದಿ ಉಬ್ಬಿತ್ತಲ್ಲ?”

ಕಟ್ಟೆ ನಕ್ಕಿತು. ಮಹಬೂಬಸಾಬ ನಗಲಿಲ್ಲ. ಅದೇ ಚೀಲವನ್ನು ನೆಲಕ್ಕಿಟ್ಟು ಅದರ ಬಾಯಿಗೆ ಕೈ ಹಾಕಿದ. ಕೈ ಹಾಕಿದ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಹೀಗೆ ಚೀಲ ತೆರೆದು ತೋರಿಸುವುದು ಅವನಿಗೆ ಮೊದಲ ಸಲವಲ್ಲ.

“ಮಹಬೂಬಣ್ಣ!” ವ್ಯಾನಿನ ಮೆಟ್ಟಿಲಿಂದ ಮಹಾನಂದಾ ಕೂಗಿದರು. “ಆ ಚೀಲ ತೆರದಿ ಅಂದ್ರ ಇವತ್ತಿಂದ ನೀ ನನ್ನ ಗಾಡಿ ಮುಟ್ಟಬ್ಯಾಡ.”

“ತೋರಿಸಿ ಬಿಡ್ತೀನ್ರಿ ಬಾಯಾರ, ಮುಗದ ಹೋಗ್ತೈತಿ.”

“ಮುಗ್ಯಾಂಗಿಲ್ಲ. ನಾಳೆ ಇವರ ಚಪ್ಲಿ ಕಾಣ್ಲಿಲ್ಲಂದ್ರ ಮತ್ತ ತೆರಸ್ತಾರ. ಈರಬಸಪ್ಪಣ್ಣಾರ, ನೀವು ಮೊನ್ನೆ ಸಂತಿಯಿಂದ ಎರಡು ಚೀಲ ತಂದ್ರಿ. ತೆಗದ್ ತೋರಸ್ರಿ ಅಂತ ಯಾರರ ಅಂದ್ರೇನು?”

ಯಾರೂ ಅಂದಿರಲಿಲ್ಲ. ಅನ್ನುವುದೂ ಇಲ್ಲ. ನಾವು ಯಾರ ಚೀಲ ತೆರೆಸುತ್ತೇವೆ, ಯಾರದನ್ನು ಇಳಿಸಿಕೊಂಡು ಗೂಟಕ್ಕೆ ತೂಗುಹಾಕುತ್ತೇವೆ ಎಂಬುದನ್ನು ನೋಡಿದರೆ ಸಾಕು, ನಮ್ಮ ಊರಿನ ಬಗ್ಗೆ ಬೇರೆ ಏನೂ ಓದಬೇಕಾಗಿಲ್ಲ. ಆ ಚೀಲದಲ್ಲಿ ಗಾಡಿಯ ಸಾಮಾನು ಬಿಟ್ಟು ಇನ್ನೇನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಯೂ ಇಲ್ಲ.

ಮಹಬೂಬಸಾಬ ಸಾಮಾನು ಕೂಡಿಸಿದ, ವ್ಯಾನು ಗುರ್ರೆಂದಿತು. ಚಹಾ ಕುಡಿಯದೆ ಹೋದ. ಎರಡು ವರ್ಷದಲ್ಲಿ ಅವನು ಬಾಯಾರ ಕೈಯ ಚಹಾ ಬಿಟ್ಟು ಹೋದದ್ದು ಅದೇ ಮೊದಲು. ಆಮೇಲೆ ಫೋನೂ ಎತ್ತಲಿಲ್ಲ.

ಗಾಡಿ ಚಾಲೂ ಆಗಿತ್ತು. ಬೇರೆಯವರಾಗಿದ್ದರೆ ಒಂದು ಕೋಳಿ ಹೋದರೆ ಹೋಯಿತೆಂದು ಹೊರಟುಬಿಡುತ್ತಿದ್ದರು. ಮಹಾನಂದಾ ಹೊರಟಿದ್ದರೆ ಕೋಳಿಗಳ್ಳ ಎಂಬ ಹೆಸರು ದೇವಿಕೊಪ್ಪದಲ್ಲಿ ಉಳಿಯುತ್ತಿತ್ತು, ಮಹಬೂಬಸಾಬನ ಬೆನ್ನಿಗೆ. ಆಕೆ ಒಂದು ಸೀಮೆಸುಣ್ಣದ ತುಂಡು ಹುಡುಕಿಕೊಂಡು ಕೆಳಗಿಳಿದರು.

ಪೋಲಿಯೊ ಹನಿ ಹಾಕುವ ಕಾಲದ ಕ್ರಮ ಅದು. ಮನೆಮನೆಗೆ ಹೋಗುವುದು, ಆದ ಮನೆಯ ಬಾಗಿಲಿಗೆ ಟಿಕ್ಕು, ಬಾಕಿ ಮನೆಗೆ ಇಂಟು. ಹಿತ್ತಲು, ಗೋದಲಿ, ಹುಲ್ಲಿನ ಬಣವೆ, ಒಂದನ್ನೂ ಬಿಡಲಿಲ್ಲ. ಎರಡು ತಾಸಿನಲ್ಲಿ ಓಣಿಯೆಲ್ಲ ಟಿಕ್ಕು. ಈರಬಸಪ್ಪನವರ ಸಾಗವಾನಿ ಬಾಗಿಲಿಗೆ ಮಾತ್ರ ಅಂಗೈಯಗಲದ ಇಂಟು ಬಿತ್ತು.

“ಏ ಬಾಯಾರ, ಪಾಲಿಶ್ ಮಾಡಿಸಿದ ಬಾಗಲಾರಿ ಅದು!”

“ಒಂದು ಖೋಲಿ ಬಾಕಿ ಐತ್ರಿ.”

“ಅದಕ್ಕ ಕೀಲಿ ಐತಿ. ಅಲ್ಲಿ ಮೊಮ್ಮಗಳ ತೊಟ್ಟಲಾ ಇಟ್ಟೇವಿ. ದೃಷ್ಟಿ ಆಗಬಾರದಂತ ಹೆಸರಿಡೂ ದಿನಾನ ತೆರ್ಯಾಂವರು.”

ಆ ಖೋಲಿಗೆ ಬಾಗಿಲಲ್ಲದೆ ಸರಳು ಮುರಿದ ಒಂದು ಬೆಳಕಿಂಡಿಯೂ ಇತ್ತು. ಅದರ ಕೆಳಗೆ ಕಂಪೌಂಡರ ಕೂತಿತ್ತು. ಮಹಾನಂದಾ ನಾಯಿಯನ್ನು ನೋಡಿದರು, ಬೆಳಕಿಂಡಿ ನೋಡಿದರು, ಈರಬಸಪ್ಪನವರ ಹೆಂಡತಿ ಅನ್ನಪೂರ್ಣಾ ಅವರನ್ನು ನೋಡಿದರು. ಅನ್ನಪೂರ್ಣಾ ಸೊಂಟದ ಕೀಲಿ ಬಿಚ್ಚಿದರು.

ಕಲಘಟಗಿಯ ಬಣ್ಣದ ತೊಟ್ಟಿಲು. ಮಗಳು ಐಶ್ವರ್ಯಳ ಚೊಚ್ಚಲ ಬಾಣಂತನಕ್ಕೆಂದು ತಿಂಗಳು ಮೊದಲೇ ಹೇಳಿ ಮಾಡಿಸಿದ್ದು, ಪೆಟ್ಟು ಬೀಳದಿರಲೆಂದು ಒಳಗೆ ಮೆತ್ತಗೆ ಹುಲ್ಲು ತುಂಬಿದ್ದು. ಆ ಹುಲ್ಲಿನ ನಡುವೆ, ಮೇಲೆ ಮುಚ್ಚಿದ್ದ ಗೋಣಿತಟ್ಟು ಬದಿಗೆ ಸರಿಸಿ, ರಾಣಿಯ ಹಾಗೆ ಡಾಕ್ಟರಬಾಯಿ. ಈರಬಸಪ್ಪ ಕೈ ಚಾಚಿದ್ದೇ ತಡ, ಕುಕ್ಕಿ ರಕ್ತ ಬರಿಸಿದಳು. ಕೆಳಗೆ ಹತ್ತು ಮೊಟ್ಟೆ.

“ಕಾವಿಗೆ ಕೂತಾಳ್ರಿ” ಎಂದರು ಮಹಾನಂದಾ. “ಇಪ್ಪತ್ತೊಂದು ದಿವಸ. ಈಗ ಅಲಗ್ಯಾಡಿಸಿದ್ರ ಮೊಟ್ಟಿ ಬಿಟ್ಟು ಎದ್ದು ಬಿಡ್ತಾಳ.”

“ಇಪ್ಪತ್ತೊಂದು? ಹೆಸರಿಡೂದು ಇನ್ನ ಆರು ದಿವಸಕ್ಕ ಐತಿ! ನಮ್ಮ ಮನ್ಯಾಗ ಕೋಳಿ! ಅದೂ ತೊಟ್ಟಲದಾಗ! ಎತ್ತಿ ಒಗೀರಿ ಹೊರಗ!”

ಒಳಗಿನ ಕೋಣೆಯಿಂದ ಬಾಣಂತಿ ಐಶ್ವರ್ಯ ಕೂಗಿದಳು. “ಅಪ್ಪಾ, ನನಗೂ ನಾಕು ತಿಂಗಳು ಆರಾಮ ತಗೋ ಅಂದಿ. ನನ್ನೂ ಹಂಗ ಒಗೀತೀ ಏನು?”

ಬರಿ ತೊಟ್ಟಿಲು ತೂಗಬಾರದೆಂದು ಮೊದಲು ಒಂದು ಗುಂಡುಕಲ್ಲು ಮಲಗಿಸಿ, ಅದಕ್ಕೆ ಜೋಗುಳ ಹಾಡಿ, ಆಮೇಲೆ ಕೂಸನ್ನು ಹಾಕುವುದು ನಮ್ಮ ಕಡೆಯ ರೂಢಿ. ಅನ್ನಪೂರ್ಣಾ ಆ ಮಾತನ್ನೇ ಎತ್ತಿದರು.

“ಕಲ್ಲು ಮಲಗಿಸಿದ್ರ ನಡೀತೈತಿ, ಜೀವ ಮಲಗಿದ್ರ ನಡ್ಯಾಂಗಿಲ್ಲೇನು? ಕೂಸಿಗೆ ನನ್ನ ಸೀರಿ ಜೋಳಿಗಿ ಕಟ್ಟತೀನಿ. ಅಕಿ ಇಲ್ಲೇ ಇರ್ತಾಳ.” ಆಮೇಲೆ ಗಂಡನ ಕಡೆ ತಿರುಗಿದರು. “ಮತ್ತ ನೀವು ಕಲಘಟಗಿಗೆ ಹೋಗಿ ಮಹಬೂಬನ್ನ ಕರದು ಬರ್ರಿ. ಹೋಗಿ ಬರೂತನಕ ಮನ್ಯಾಗ ನಿಮಗ ಚಾ ಇಲ್ಲ.”

ಈರಬಸಪ್ಪ ಎರಡು ದಿನ ತಡೆದರು. ಹೋಟೆಲಿನ ಚಹಾ ಎಷ್ಟು ದಿನ ಕುಡಿದಾರು? ಮೂರನೇ ದಿನ ಗ್ಯಾರೇಜಿನ ಮುಂದೆ ಟೈರಿನ ಮೇಲೆ ಕೂತು, ಮಳೆ ಮಾತಾಡಿ, ಕಬ್ಬಿನ ಮಾತಾಡಿ, ಕಡೆಗೆ ಬೆರಳಿನ ಪಟ್ಟಿ ತೋರಿಸಿದರು.

“ಕೋಳಿ ನಿನ್ನ ಕೇಳಾಕತ್ತೈತಪಾ. ಹೆಸರಿಡೂದಕ್ಕ ಬಾ.”

“ಕೋಳಿ ಕೇಳಿದ್ರ ಬರ್ತೀನ್ರಿ” ಎಂದ ಮಹಬೂಬಸಾಬ, ಪಾನಾ ತಿರುಗಿಸುತ್ತಲೇ. “ಬರೇ ನೀವು ಕೇಳಿದ್ರ ಬರ್ತಿದ್ದಿಲ್ಲ.”

ಈರಬಸಪ್ಪ ತಲೆ ಕೆಳಗೆ ಹಾಕಿದರು. “ನಾನೂ ಕೇಳಾಕತ್ತೇನಿ” ಎಂದರು.

ಹೆಸರಿಡುವ ದಿನ ಕೂಸು ಸೀರೆಯ ಜೋಳಿಗೆಯಲ್ಲಿ, ಕೋಳಿ ಬಣ್ಣದ ತೊಟ್ಟಿಲಲ್ಲಿ. ಬಂದ ಹೆಂಗಸರು ಕೂಸಿನ ಕೈಗೆ ಬೆಳ್ಳಿ ಬಳೆ ಹಾಕಿ, ಹಿತ್ತಲ ಖೋಲಿಗೆ ಹೋಗಿ ಒಂದು ಹಿಡಿ ಜೋಳ ಹಾಕಿ ಬರುತ್ತಿದ್ದರು. ಬಾಯಾರನ್ನು ಒಬ್ಬರು ಕೇಳಿದರು, “ಯಾವಾಗ ಹೋಗೂದ್ರಿ ಮುಂದ?”

“ಡಾಕ್ಟರಬಾಯಿ ಡಿಸ್ಚಾರ್ಜ್ ಆದ ಮ್ಯಾಲೆ.”

“ಅಲ್ರಿ, ಅಲ್ಲೀತನಕ ಇರಾಕ ಒಂದು ಮನಿ—”

“ಶುರುವಾತು ನೋಡ್ರಿ” ಎಂದು ಮಹಾನಂದಾ ಎದ್ದು ಹೊರಗೆ ಬಂದರು.

ಬಾಗಿಲಲ್ಲಿ ಮಹಬೂಬಸಾಬ ನಿಂತಿದ್ದ. ಒಗೆದ ಬಿಳಿ ಅಂಗಿ, ಕೈಯಲ್ಲಿ ಅದೇ ಚೀಲ, ಅಂದಿನಷ್ಟೇ ಉಬ್ಬಿದ್ದು. ಇಂಟು ಗುರುತು ಬಾಗಿಲ ಮೇಲೆ ಇನ್ನೂ ಹಾಗೆಯೇ ಇತ್ತು. ಈರಬಸಪ್ಪ ಮುಂದೆ ಬಂದು, ಅಳಿಯನ ಕೈಯಿಂದ ಇಸಿದುಕೊಳ್ಳುವ ಹಾಗೆ ಆ ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪಡಸಾಲೆಯ ಗೂಟಕ್ಕೆ ತೂಗುಹಾಕಿದರು. ಹೊರಗೆ ಬಂದ ಮಹಾನಂದಾ ಸೆರಗಿನ ತುದಿಯಿಂದ ಇಂಟನ್ನು ಒರೆಸಿ, ಸೀಮೆಸುಣ್ಣ ತೆಗೆದು ಒಂದು ಟಿಕ್ಕು ಹಾಕಿದರು. ಪಾಲಿಶಿನ ಮಾತು ಯಾರೂ ಎತ್ತಲಿಲ್ಲ.

ಊಟ ಮುಗಿಯುವ ತನಕ ಪಂಕ್ತಿಯಲ್ಲಿ ಕೂತವರೆಲ್ಲ ಹೋಳಿಗೆ ಮುರಿಯುತ್ತ ಆ ಚೀಲವನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಒಬ್ಬರೂ ಕೇಳಲಿಲ್ಲ. ಕಂಪೌಂಡರ ಮಾತ್ರ ಕೆಳಗೆ ಕೂತು ಒಂದೆರಡು ಸಲ ಮೂಸಿ, ಅದರಲ್ಲಿ ತನಗೆ ಬೇಕಾದದ್ದು ಏನೂ ಇಲ್ಲವೆಂದು ತಿಳಿದು, ಬೆಳಕಿಂಡಿಯ ಕಡೆ ನಡೆಯಿತು.