ತೆಪ್ಪದಲ್ಲಿ ಯಾರೂ ಏಳುವಂತಿಲ್ಲ

ರೇಷ್ಮೆ ಸಾಕುವ ಮನೆಯವರಿಗೆ ಪ್ರವಾಸ ಹೋಗಲು ಇರುವುದು ಒಂದೇ ಮುಹೂರ್ತ. ಗೂಡು ಮಾರಿ, ಹುಳದ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು ಬೀಗ ಹಾಕಿದ ಮೇಲೆ, ಮುಂದಿನ ಮರಿಹುಳ ಬರುವ ತನಕ ಸಿಗುವ ನಾಲ್ಕೈದು ದಿನ. ಮಿಕ್ಕಂತೆ ನೆಂಟರ ಮದುವೆಗೆ ಹೋದರೂ ಕೈ ತೊಳೆದ ತಕ್ಷಣ ಓಡಿಬರಬೇಕು. ನಾನು ಅಕ್ಕೂರಿಗೆ ಸೊಸೆಯಾಗಿ ಬಂದ ಎರಡನೇ ವರ್ಷ, ಅಂಥದೊಂದು ಬಿಡುವಿನಲ್ಲಿ ಮಾವ ತಾವಾಗಿಯೇ, "ಬಾನ್ವಾರ ಸಂಗಮಕ್ ಓಗ್ಬುಟ್ ಬರಾನ, ಬುತ್ತಿ ಕಟ್ರವ್ವ" ಅಂದರು. ಖರ್ಚು ಅಂದರೆ ಮಾರು ದೂರ ನಿಲ್ಲುವ ಮನುಷ್ಯ. ಯಾಕೆ ಹೀಗೆ ಅಂತ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ನನ್ನ ತಲೆಯಲ್ಲಿ ನನ್ನದೇ ಲೆಕ್ಕಾಚಾರ ಓಡುತ್ತಿತ್ತು.

ಆ ಕಾಲಕ್ಕೆ ಬಿಡದಿಯ ಸುತ್ತ ರಾಗಿ ಹೊಲ ಇದ್ದ ಕಡೆಯೆಲ್ಲ ಫ್ಯಾಕ್ಟರಿ ಎದ್ದಿದ್ದವು. ನನ್ನ ಗಂಡ ಅಲ್ಲೇ, ಕಾರಿನ ಬಿಡಿಭಾಗ ಮಾಡುವ ಒಂದು ಕಡೆ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಿದ್ದರು. ಆಮೇಲೆ ಗಾರ್ಮೆಂಟ್ಸ್ ಬಂತು, ಅವರ ಬಸ್ಸು ನಮ್ಮೂರ ತನಕ ಬರತೊಡಗಿತು. ನಾನು ತವರಿನಲ್ಲಿ ಟೈಲರಿಂಗ್ ಕಲಿತವಳು. ಸೋಮವಾರ ಹೊಸಬರನ್ನು ತಗೊಳ್ಳುತ್ತಾರೆ, ಅದೇ ಕೊನೆ ಎಂದು ಸುದ್ದಿಯಾಗಿತ್ತು. ಹೋಗಲೇಬೇಕೆಂಬ ಹಟ ನನಗೆ. ಸಂಬಳದ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಾಗಿ, ದಿನಕ್ಕೆ ಎಂಟು ಗಂಟೆಯಾದರೂ ಆ ಹುಳದ ವಾಸನೆಯಿಂದ ಆಚೆ ಇರಬೇಕಿತ್ತು.

ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ನಾನು ಬಾಯಿ ತೆರೆದರೆ ಸಾಕು, "ಸೊಪ್ ಹಾಕೋ ಹೊತ್ತಾಯ್ತು" ಅಂತ ಅತ್ತೆ ಎದ್ದುಬಿಡುವರು. ಕರೆಂಟು ಬಂತೆಂದು ಮಾವ ಮೋಟರಿನ ಕಡೆ ನಡೆಯುವರು. ಇಬ್ಬರೂ ಬೈಯುವ ಪೈಕಿಯಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಗಂಡನನ್ನು ಕೇಳಿದರೆ, "ನೋಡಾನ". ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ "ನೋಡಾನ"ವನ್ನೇ ನಾನು ಒಪ್ಪಿಗೆ ಅಂದುಕೊಂಡಿದ್ದೆ.

ಸಂಗಮದಲ್ಲಿ ಹೊಳೆ ದಾಟುವುದು ಬುಟ್ಟಿಯಂಥ ದುಂಡು ತೆಪ್ಪದಲ್ಲಿ. ನಾಲ್ವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂತೆವು. ತೆಪ್ಪದವನು, "ಆಚೆ ದಡ ಮುಟ್ಟಗಂಟ ಒಬ್ರೂ ಮ್ಯಾಕ್ ಏಳಂಗಿಲ್ಲ, ಅಲ್ಲಾಡಂಗಿಲ್ಲ" ಎಂದು ಗದರಿದ. ನನಗೆ ಬೇಕಾಗಿದ್ದದ್ದು ಅದೇ. ಈ ಜನ ಎದ್ದು ಹೋಗಲಾಗದ ಜಾಗ ಭೂಮಿಯ ಮೇಲಂತೂ ಇರಲಿಲ್ಲ. ನಡುಹೊಳೆಯಲ್ಲಿ ಅವನು ತೆಪ್ಪವನ್ನು ಒಂದು ಸುತ್ತು ತಿರುಗಿಸಿದ, ಅತ್ತೆ ಕಣ್ಣುಮುಚ್ಚಿ ದೇವರನ್ನು ಕರೆದರು. ತಿರುಗುವುದು ನಿಂತ ಮೇಲೆ ಶುರುಮಾಡಿದೆ.

"ಮಾವ, ನಾಳೀಕೆ ನಾನು ಗಾರ್ಮೆಂಟ್ಸ್‌ಗೆ ಸೇರ್ಕತೀನಿ. ಇವ್ರೂ ಒಪ್ಪವ್ರೆ."

ಯಾರೂ ಏಳಲಿಲ್ಲ. ತೆಪ್ಪದವನು ಹುಟ್ಟು ಹಾಕುವುದನ್ನು ನಿಧಾನ ಮಾಡಿದ, ಅವನಿಗೂ ಕೇಳುವ ಚಪಲ. ಅತ್ತೆ ಕಣ್ಣು ತೆರೆದು ಮಗನ ಕಡೆ ತಿರುಗಿದರು.

"ಇವ್ಳ್ಗೆ ಇನ್ನೂ ಯೋಳಿಲ್ವೇನ್ಲಾ?"

ಗಂಡ ಬುತ್ತಿಚೀಲದ ದಾರ ಎಳೆಯುತ್ತ ಅಂದರು, "ಕೆಲ್ಸ ಓಗಿ ತಿಂಗ್ಳಾಯ್ತು ಕಣಮ್ಮಿ. ಕಾಂಟ್ರಾಕ್ಟ್ ಮುಗೀತು ಅಂದ್ಬುಟ್ರು."

"ಮತ್ತೆ ದಿನಾ ಕಟ್ಟುಸ್ಕಂಡ್ ಓಗ್ತಿದ್ದ ಡಬ್ಬಿ?"

"ಬಿಡದಿ ಟೇಸನ್ನಾಗೆ ಕುಂತ್ಕಂಡ್ ಉಣ್ತಿದ್ದೆ."

ಅತ್ತೆ ಮೆತ್ತಗೆ ಹೇಳಿದರು. "ಅದ್ಕೇಯ ಈ ಸಲ ಇನ್ನೂರು ಮೊಟ್ಟೆ ಹುಳ ಯೋಳಿರಾದು. ಯಾವಾಗ್ಲೂ ನೂರೇಯ, ಈಗ ಕೆಲ್ಸ ಎಲ್ಡರಷ್ಟು. ನಿನ್ ಕೈ ಇಲ್ದೆ ಆಗಾಕಿಲ್ಲ ಮಗಾ. ನೀನು ಬಸ್ ಅತ್ಕಂಡು ಫ್ಯಾಕ್ಟ್ರಿಗೆ ಓಗಿ, ಇವ್ನು ಮನೇಲಿ ಸೊಪ್ ಕುಯ್ತಾ ಕುಂತ್ರೆ ಊರ್ನೋರು ಬದ್ಕಕ್ ಬುಟ್ಟಾರಾ? ನಿಂಗೂ ಒಸಿ ಖುಸಿಯಾಗ್ಲಿ, ಆಮ್ಯಾಕ್ ಹುಳದ್ ಇಸ್ಯ ಯೋಳಾನ ಅಂತ ಇಲ್ಗೆ ಬಂದಿದ್ದು."

ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಸಿಟ್ಟು ಎಷ್ಟು ಬಂತೆಂದರೆ, ಆ ಹುಟ್ಟನ್ನೇ ಕಿತ್ತುಕೊಂಡು ಗಂಡನಿಗೆ ಎರಡು ಬಾರಿಸಬೇಕೆನಿಸಿತು. ತಿಂಗಳಿಡೀ ಬೆಳಿಗ್ಗೆ ಐದಕ್ಕೆದ್ದು ಮುದ್ದೆ ತೊಳಸಿದವಳು ನಾನು. ಅತ್ತೆ ಮಾವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಮನೆಯಲ್ಲಾಗಿದ್ದರೆ ಹಿತ್ತಲಿಗೆ ಹೋಗಿ ಅತ್ತಾದರೂ ಬರುತ್ತಿದ್ದೆ. ಇಲ್ಲಿ ಮುಖ ತಿರುಗಿಸೋಣವೆಂದರೆ ಆ ಕಡೆ ಮಾವ, ಈ ಕಡೆ ತೆಪ್ಪದವನು. ತಲೆ ತಗ್ಗಿಸಿದೆ. ಗಂಡನ ಕಾಲಲ್ಲಿ ಫ್ಯಾಕ್ಟರಿಯವರು ಕೊಟ್ಟ ಕಪ್ಪು ಬೂಟು ಕಂಡಿತು. ಹೊಳೆಗೆ ಬರುವಾಗಲೂ ಪಾಲಿಶ್ ಮಾಡಿ ಹಾಕಿಕೊಂಡಿದ್ದರು. ಅಯ್ಯೋ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಯಾರೂ ಬೇಡ ಅನ್ನಲಿಲ್ಲ. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಹೋಗಕೂಡದು ಎಂದು ಒಬ್ಬರಾದರೂ ಅಂದಿದ್ದರೆ, ಸೋಮವಾರ ಬಸ್ಸು ಹತ್ತಿಯೇಬಿಡುತ್ತಿದ್ದೆನೇನೋ. ಮೂವರೂ ಸುಮ್ಮನೆ ಕಾದರು. ಕೊನೆಗೆ ನನ್ನ ಬಾಯಿಂದಲೇ ಬಂತು.

"ಆಯ್ತು ಬುಡಿ, ನಾನ್ ಓಗಾಕಿಲ್ಲ."

ಮಾವ ಗಂಟಲು ಸರಿಮಾಡಿಕೊಂಡು, ನೀರು ಈ ಸಲ ಕಮ್ಮಿ ಐತೆ ಅಂದರು. ಹೌದು ಕಮ್ಮಿ ಎಂದು ತೆಪ್ಪದವನು ಬಿರುಸಾಗಿ ಹುಟ್ಟು ಹಾಕಿದ.

ದಡ ಮುಟ್ಟಿದಾಗ ಗಂಡ ಮೊದಲು ಇಳಿದು, ಪಾದ ಮುಳುಗುವ ನೀರಿನಲ್ಲಿ ನಿಂತು ನನ್ನ ಕಡೆ ಕೈ ಚಾಚಿದರು. ಹಿಡಿಯದೆ ಇಳಿಯಲು ಎದ್ದೆ. ತೆಪ್ಪ ಒಂದೇ ಸಲಕ್ಕೆ ವಾಲಿತು, ಹಿಂದಿನಿಂದ ಅತ್ತೆ ಕೂಗಿಕೊಂಡರು. ಕೈ ಹಿಡಿದೆ.