ಅಜ್ಜ ಹೇಳದ ಅರ್ಥ

ಇವತ್ತು ಹೊಸಪೇಟೆಯ ಅಂಗಡಿಯೊಂದರಲ್ಲಿ ಲೋಬಾನದ ಹೊಗೆ ಮೂಗಿಗೆ ಬಡಿದದ್ದೇ ತಡ, ಕಂಪ್ಲಿಯ ನಮ್ಮ ಪಡಸಾಲೆ ನೆನಪಾಗಿ ಸಿಟ್ಟು ನೆತ್ತಿಗೇರಿತು.

ಅಲ್ಲಿ ಲೋಬಾನ ಹಾಕಿ, ಚಾಪೆ ಹಾಸಿ, ಅಜ್ಜ ಮೊಮ್ಮಕ್ಕಳಿಗೆಲ್ಲ ಕುರಾನ್ ಓದಿಸುತ್ತಿದ್ದರು. ಕಠಿಣವಾದ ಆಯತ್ ಬಂದರೆ ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸುತ್ತ, "ಒಂದ ಸಾಲು ಹಿಡಕೊಂಡು ತೀರ್ಪು ಕೊಡಬ್ಯಾಡ್ರಿ. ಹಿಂದ ಮುಂದ ಓದ್ರಿ, ಪೈಗಂಬರರು ಹೆಂಗ ಬದುಕಿದ್ರು ನೋಡ್ರಿ" ಎನ್ನುತ್ತಿದ್ದರು.

ಒಮ್ಮೆ ಗಂಡನ ಹೊಡೆತ ತಾಳದೆ ನನ್ನ ಫುಪ್ಪು, ಅಂದರೆ ಅಪ್ಪನ ತಂಗಿ, ತವರಿಗೆ ಬಂದಳು. ಹಿಂದೆಯೇ ಗಂಡ ಕೆಲವು ಹಿರಿಯರನ್ನು ಕರೆತಂದ. ಅವರಲ್ಲೊಬ್ಬ ಹೊಡೆತದ ಮಾತು ಬರುವ ಆಯತ್ತಿನ ಅರ್ಧವನ್ನಷ್ಟೇ ಓದಿ, "ಗಂಡಗ ಹಕ್ಕೈತಿ. ಸುಮ್ಮನ ಹೋಗವ್ವ" ಎಂದ.

ಫುಪ್ಪು ಅಜ್ಜನತ್ತ ತಿರುಗಿದಳು. "ಅಬ್ಬಾ, ಇದ ಆಯತ್ ನನಗ ಓದಿಸುವಾಗ, ಪೈಗಂಬರರು ಯಾವ ಹೆಂಡತಿ ಮ್ಯಾಲೂ ಕೈ ಎತ್ತಲಿಲ್ಲ ಅಂದಿದ್ರಿ. ಅದನ್ನ ಇವರಿಗೂ ಹೇಳ್ರಿ."

ಅಜ್ಜ ಬಂದವರಿಗೆ ಚಹಾ ತರಲು ಹೇಳಿದರು. ಅಷ್ಟೇ.

ಫುಪ್ಪು ಚಪ್ಪಲಿ ಮೆಟ್ಟಿ ಹೊರಟಳು. ಗಂಡನ ಮನೆಗಲ್ಲ, ತೋರಣಗಲ್ಲಿನ ಬಸ್ಸಿಗೆ. ಅಲ್ಲೊಂದು ಕ್ಯಾಂಟೀನಿನಲ್ಲಿ ಕೆಲಸ ಹಿಡಿದು ತನ್ನ ಬದುಕು ತಾನೇ ಕಟ್ಟಿಕೊಂಡಳು. ಮರುದಿನವೂ ಅಜ್ಜ ಎಂದಿನಂತೆ ಪಾಠಕ್ಕೆ ಕರೆದರು. ನಾನು ಹೋಗಿ ಕೂರಲಿಲ್ಲ.

ಅಜ್ಜ ತೀರಿಕೊಂಡು ವರ್ಷಗಳೇ ಆದವು. ಅವರು ಬಹಳ ತಿಳಿದವರಾಗಿದ್ದರು ಎಂದು ಜನ ಈಗಲೂ ಹೊಗಳುತ್ತಾರೆ. ಹೌದು, ಅವರಿಗೆ ತಿಳಿದಿತ್ತು. ನನ್ನ ಸಿಟ್ಟು ಅದಕ್ಕೇ.