ಮಣ್ಣು ತರದ ಕುಂಬಾರ ಹುಳ

ಅದು ಕುಂಬಾರ ಹುಳವಲ್ಲ ಎಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ಆದರೆ ನನ್ನ ಸಂಸಾರವೇ ಆ ಹುಳವನ್ನು ನಂಬಿ ನಿಂತಿತ್ತು.

ನಿಜಾಮರ ರೂಪಾಯಿ ನಡೆಯುತ್ತಿದ್ದ ಕಾಲ ಅದು. ಯಲಬುರ್ಗಿಯ ಆ ಮನೆಗೆ ಸೊಸೆಯಾಗಿ ಬಂದು ವರ್ಷಗಳು ಕಳೆದರೂ ನನಗೆ ಮಕ್ಕಳಾಗಿರಲಿಲ್ಲ. ಕುಷ್ಟಗಿಯಿಂದ ಮಾವನ ಅಕ್ಕ ಬಂದು ಪಡಸಾಲೆಯಲ್ಲಿ ಠಿಕಾಣಿ ಹೂಡಿದ್ದರು. ನಾವು ಅವರನ್ನು ದೊಡ್ಡತ್ತಿ ಅನ್ನುತ್ತಿದ್ದೆವು. ನನ್ನ ಗಂಡನಿಗೆ ಇನ್ನೊಂದು ಲಗ್ನ ಗೊತ್ತು ಮಾಡದೆ ಬಂಡಿ ಹತ್ತುವುದಿಲ್ಲ ಎಂದು ಅವರ ಹಟ. ಹುಡುಗಿಯನ್ನೂ ನೋಡಿಕೊಂಡೇ ಬಂದಿದ್ದರು! ನನ್ನ ಗಂಡ ಹಿರಿಯರ ಮುಂದೆ ಉಸಿರೆತ್ತುವವರಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ಕಪ್ಪು ಮೈ, ಹಳದಿ ಪಟ್ಟಿ, ಸಣ್ಣ ನಡುವಿನ ಹುಳವೊಂದು ಜಂತಿಯ ಕೆಳಗೆ ಗುಂಯ್ ಎಂದು ಸುಳಿಯಿತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಎದ್ದೇ ಬಂದರು.

"ಕುಂಬಾರ ಹುಳ ಬಂದೈತಿ ನೋಡ್ರಿ ಅಕ್ಕಾರ! ಮಣ್ಣು ತಂದು ಗೂಡು ಕಟ್ಟಿತಂದ್ರ ಮನ್ಯಾಗ ತೊಟ್ಟಿಲ ತೂಗೂದ ಸೈ. ಲಗ್ನದ ಮಾತು ಸ್ವಲ್ಪ ತಡೀರಿ."

ದೊಡ್ಡತ್ತಿ ಮುಖ ಗಂಟು ಹಾಕಿದರು. ಆದರೆ ಅವರೂ ಅದನ್ನು ನಂಬುವವರೇ. "ಅಮಾಸಿ ತನಕ ನೋಡೂಣು. ಗೂಡು ಕಟ್ಟಲಿಲ್ಲಂದ್ರ ನಾ ಹೇಳಿದ್ಹಂಗ ಆಗಬೇಕು," ಎಂದರು.

ಅಂದಿನಿಂದ ಎಲ್ಲರ ಕಣ್ಣೂ ಜಂತಿಯ ಮೇಲೆ. ಹುಳ ದಿನಾ ಬರುತ್ತಿತ್ತು, ಮಣ್ಣು ಮಾತ್ರ ತರಲೊಲ್ಲದು. ಅಂಗಳದ ತುಳಸಿ ಹೂವಿನೆದುರು ಗಾಳಿಯಲ್ಲೇ ಅಲ್ಲಾಡದೆ ನಿಂತುಬಿಡುತ್ತಿತ್ತು. ನನ್ನದು ಕೆದಕಿ ನೋಡುವ ಸ್ವಭಾವ, ಸುಮ್ಮನಿರು ಅಂದರೆ ಇರುವವಳಲ್ಲ. ಒಂದು ಮಧ್ಯಾಹ್ನ ಅದು ಬೆಲ್ಲದ ಹನಿಯ ಮೇಲೆ ಕೂತಾಗ ಕಂದೀಲಿನ ಗಾಜು ಮುಚ್ಚಿ, ಮೇಲೆ ಅಂಗೈ ಇಟ್ಟೆ.

ಕೊಪ್ಪಳದ ತವರಿನಲ್ಲಿ ಕುಂಬಾರ ಹುಳದ ಗೂಡು ಒಡೆದು ಕಡಿಸಿಕೊಂಡವಳು ನಾನು. ಅದಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮುಖದ ತುಂಬ ಕಣ್ಣು. ದವಡೆ ಇಲ್ಲ, ಬೆಲ್ಲಕ್ಕೆ ಒತ್ತಿ ಒತ್ತಿ ಹೀರುವ ಮೂತಿ. ಮುಂಗಾಲು ತಿಕ್ಕುವುದಂತೂ ಥೇಟ್ ನೊಣವೇ. ಅಂಗೈಗೆ ಬಡಿದರೂ ಚುಚ್ಚಲಿಲ್ಲ. ಅಯ್ಯೋ ಶಿವನೇ, ಕಡಜದ ವೇಷ ಹಾಕಿದ ನೊಣ! ನೊಣ ಎಲ್ಲಿಯ ಗೂಡು ಕಟ್ಟೀತು?

ಹಿತ್ತಲಲ್ಲಿ ಅತ್ತೆ ಸಗಣಿಯ ಕುಳ್ಳು ತಟ್ಟುತ್ತಿದ್ದರು. ಅಳು ತಡೆಯದೆ ಹೇಳಿಬಿಟ್ಟೆ: "ಅತ್ತೀ, ಅದು ಕುಂಬಾರ ಹುಳ ಅಲ್ರಿ, ನೊಣ ಐತ್ರಿ. ಎರಡ ರೆಕ್ಕಿ ಅದಾವ್ರಿ."

ಅವರ ಕೈ ನಿಲ್ಲಲಿಲ್ಲ. "ನನ್ನ ಕಣ್ಣೇನು ಕುರುಡಾಗ್ಯಾವೇನ? ಬಂದ ದಿನಾನ ಗೊತ್ತೈತಿ. ಗಾಜು ತಗದು ಬಿಡ ಅದನ್ನ. ಅಕ್ಕಾರ ಮುಂದ ತುಟಿ ಪಿಟಕ್ ಅನ್ನಬ್ಯಾಡ."

"ನೊಣ ಗೂಡು ಕಟ್ಟೂದಿಲ್ಲಲ್ರಿ?"

"ಕಟ್ಟತೈತಿ ಬಿಡ. ಹೋಗಿ ಮುಖ ತೊಕ್ಕೊ."

ಅಲ್ಲಿಯವರೆಗೂ, ಲಗ್ನದ ಮಾತು ತಡೆದದ್ದು ಬರೀ ಹುಳದ ಮೇಲಿನ ನಂಬಿಕೆಯಿಂದ, ಅತ್ತೆ ದೊಡ್ಡತ್ತಿಯ ಕಡೆಯೇ ಎಂದು ನಾನು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಜಂತಿಯ ಮೂಲೆಯಲ್ಲಿ ಎರೆಮಣ್ಣಿನ ಪುಟ್ಟ ಗೂಡೊಂದು ಮೆತ್ತಿಕೊಂಡಿತ್ತು. ದೊಡ್ಡತ್ತಿ ಕೆಳಗೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ ಕೈಮುಗಿದರು. ನನ್ನ ತಲೆ ಸವರಿ, ಬುತ್ತಿ ಕಟ್ಟಿಸಿಕೊಂಡು ಬಂಡಿ ಹತ್ತಿದರು.

ಬಂಡಿ ಮರೆಯಾದದ್ದೇ ತಡ, ಜೋಳದ ಚೀಲದ ಮೇಲೆ ಹತ್ತಿ ಗೂಡನ್ನು ಹತ್ತಿರದಿಂದ ನೋಡಿದೆ. ಹಸಿ ಮಣ್ಣಿನಲ್ಲಿ ಅಗಲವಾದ ಒಂದು ಹೆಬ್ಬೆರಳಿನ ಗೆರೆಗಳು ಮೂಡಿದ್ದವು. ನನಗೆ ಕಣ್ಣು ತುಂಬಿ ಬಂತು.

"ಇಳಿ ಕೆಳಗ," ಎಂದು ಅತ್ತೆ ಗದರಿಸಿದರು. "ಒಣಗೂತನಕ ಮುಟ್ಟಬ್ಯಾಡ ಅದನ್ನ."